ಕಾಸ್ಟ್‌ಕೋ ರೊಟಿಸರಿ ಕೋಳಿ: ಐದು ಡಾಲರಿಗೆ ನಾಲ್ಕು ದಿನದ ಅಡುಗೆ

ಅಮೆರಿಕದಲ್ಲಿರುವ ಕನ್ನಡದ ಮನೆಗಳ ಫ್ರಿಜ್ಜನ್ನು ಸೋಮವಾರ ಸಂಜೆ ತೆರೆದರೆ, ಮೊಸರಿನ ಡಬ್ಬಿಗೂ ಕೊತ್ತಂಬರಿ ಕಟ್ಟಿಗೂ ನಡುವೆ ಅರ್ಧ ತಿಂದ ಒಂದು ಕೋಳಿ ಕೂತಿರುವುದು ಅಪರೂಪವೇನಲ್ಲ. ತೊಡೆ ಎರಡೂ ಮಾಯ. ಎದೆಯ ಒಂದು ಬದಿ ಖಾಲಿ. ಉಳಿದದ್ದು ಒಣಗಿ, ಜಿಡ್ಡು ಬೆಳ್ಳಗೆ ಹೆಪ್ಪುಗಟ್ಟಿ, ಮುಟ್ಟಲು ಮನಸ್ಸಾಗದ ಸ್ಥಿತಿಯಲ್ಲಿ. ಬುಧವಾರಕ್ಕೆ ಅದು ಕಸದ ಬುಟ್ಟಿಯಲ್ಲಿ. ಸದಸ್ಯರಿಗಷ್ಟೇ ಮಾರುವ ಅಮೆರಿಕದ ದೊಡ್ಡ ಅಂಗಡಿ ಸರಣಿ ಕಾಸ್ಟ್‌ಕೋದ ರೊಟಿಸರಿ ಕೋಳಿಯ (ಕಂಬಿಗೆ ಸಿಕ್ಕಿಸಿ ತಿರುಗಿಸುತ್ತ ಸುಟ್ಟ ಇಡೀ ಕೋಳಿ) ಬಗ್ಗೆ ಬರುವ ವಿಮರ್ಶೆಗಳೆಲ್ಲ ಮೊದಲ ಊಟದ ರುಚಿಯನ್ನು ಹೇಳಿ ನಿಲ್ಲುತ್ತವೆ. ಈ ಕೋಳಿಯ ಬೆಲೆ ಗೊತ್ತಾಗುವುದು ಎರಡನೆಯ ದಿನದಿಂದ. ಹಾಗಾಗಿ ಇಲ್ಲಿ ಅಳೆದಿರುವುದು ಒಂದೇ ಸಂಗತಿ: ಒಂದು ಇಡೀ ಕೋಳಿ ತಂದರೆ ಮೂಳೆಯವರೆಗೂ ಖರ್ಚಾಗುತ್ತದೆಯೇ, ನಮ್ಮ ಅಡುಗೆಗೆ ಒಗ್ಗುತ್ತದೆಯೇ?

ಉತ್ತರ ಮೊದಲೇ ಹೇಳಿಬಿಡಬಹುದು. ಒಗ್ಗುತ್ತದೆ, ಆದರೆ ಹಸಿ ಕೋಳಿಯ ಜಾಗದಲ್ಲಿ ಅಲ್ಲ. ಹಸಿ ಕೋಳಿಗೆ ಮಾಡುವ ಕ್ರಮದಲ್ಲೇ ಇದಕ್ಕೂ ಸಾರು, ಪಲ್ಯ ಮಾಡಲು ಹೊರಟರೆ ಮಾಂಸ ನಾರಾಗುತ್ತದೆ, ಸಾರು ಸಪ್ಪೆಯಾಗುತ್ತದೆ, ಉಪ್ಪು ಮಾತ್ರ ಜಾಸ್ತಿಯಾಗುತ್ತದೆ. ಕ್ರಮ ತಿರುಗಿಸಿದರೆ ಈ ಬೆಲೆಗೆ ಇದನ್ನು ಮೀರಿಸುವ ಮಾಂಸ ಆ ಅಂಗಡಿಯಲ್ಲೇ ಇಲ್ಲ.

ಮೊದಲು ಬೆಲೆಯ ಮಾತು. ಅಮೆರಿಕದಲ್ಲಿ ಒಂದು ಕೋಳಿಗೆ 4.99 ಡಾಲರ್. 2008ರಲ್ಲಿ ಸ್ವಲ್ಪ ಕಾಲ 5.99ಕ್ಕೆ ಏರಿದ್ದು 2009ರಲ್ಲಿ ಮತ್ತೆ ಇಳಿಯಿತು, ಅಲ್ಲಿಂದೀಚೆಗೆ ಅಲುಗಿಲ್ಲ. ಈ ಬೆಲೆ ಉಳಿಸಿಕೊಳ್ಳಲು ವರ್ಷಕ್ಕೆ ಮೂರು ನಾಲ್ಕು ಕೋಟಿ ಡಾಲರ್ ಲಾಭ ಬಿಟ್ಟುಕೊಡಲೂ ಸಿದ್ಧ ಎಂದು 2015ರಲ್ಲಿ ಕಂಪನಿಯ ಹಣಕಾಸು ಮುಖ್ಯಸ್ಥರಾಗಿದ್ದ ರಿಚರ್ಡ್ ಗಲಾಂಟಿ ಹೇಳಿದ್ದರು. 2019ರಲ್ಲಿ ನೆಬ್ರಾಸ್ಕದ ಫ್ರೀಮಾಂಟ್‌ನಲ್ಲಿ ಕಂಪನಿ ತನ್ನದೇ ಕೋಳಿ ಸಂಸ್ಕರಣಾ ಘಟಕ ತೆರೆದದ್ದೂ ಈ ಬೆಲೆಯನ್ನು ಹಿಡಿದಿಡುವ ಲೆಕ್ಕಾಚಾರದಿಂದಲೇ. ಕೋಳಿ ಸಿಗುವುದು ಅಂಗಡಿಯ ಕಟ್ಟಕಡೆಯ ಮೂಲೆಯಲ್ಲಿ. ಅಲ್ಲಿಗೆ ನಡೆದು ಹೋಗುವಷ್ಟರಲ್ಲಿ ಗಾಡಿ ತುಂಬಿರುತ್ತದೆ. ಅಲ್ಲಿಗೆ ಹೋಗಲೂ ಸದಸ್ಯತ್ವ ಬೇಕು, 2024ರ ಸೆಪ್ಟೆಂಬರಿನಿಂದ ಅದು ವರ್ಷಕ್ಕೆ 65 ಡಾಲರ್. ಐದು ಡಾಲರ್ ಎಂಬುದರ ಹಿಂದೆ ಇಷ್ಟೆಲ್ಲ ಇದೆ ಎಂಬುದು ಗೊತ್ತಿರಲಿ.

ತೂಕ ಸುಮಾರು 3 ಪೌಂಡ್, ಅಂದರೆ ಬೆಂದ ಮೇಲೆ 1,360 ಗ್ರಾಂ. ಹೆಚ್ಚಿನ ಬೇರೆ ಅಂಗಡಿಗಳ ರೊಟಿಸರಿ ಕೋಳಿಗಿಂತ ಇದು ದೊಡ್ಡದು. ಶ್ರದ್ಧೆಯಿಂದ ಬಿಡಿಸಿದರೆ ಸುಮಾರು 800 ಗ್ರಾಂ ಮಾಂಸ ಸಿಗುತ್ತದೆ: ಎದೆಯಲ್ಲಿ 450ರಷ್ಟು, ತೊಡೆ ಮತ್ತು ಕಾಲಿನಲ್ಲಿ 250ರಷ್ಟು, ಬೆನ್ನು, ರೆಕ್ಕೆ, ಕುತ್ತಿಗೆಯ ಬುಡದಲ್ಲಿ ನೂರರಷ್ಟು. ಮಿಕ್ಕಿದ್ದು ಚರ್ಮ, ಮೂಳೆ, ಕವರಿನೊಳಗೆ ಇಳಿದ ರಸ. ಅವಸರದಲ್ಲಿ ಬಿಡಿಸುವವರು ಆ ಕೊನೆಯ ನೂರು ಗ್ರಾಂ ಜೊತೆಗೆ ತೊಡೆಯದನ್ನೂ ಅಷ್ಟೇ ಬಿಟ್ಟಿರುತ್ತಾರೆ.

ಉಪ್ಪಿನ ಲೆಕ್ಕ

ಈ ಕೋಳಿಯಲ್ಲಿ ಮಾಡುವ ಎಲ್ಲ ಅಡುಗೆಯನ್ನೂ ಆಳುವುದು ಉಪ್ಪು. ಕೋಳಿಯನ್ನು ಬೇಯಿಸುವ ಮುನ್ನವೇ ಉಪ್ಪುನೀರನ್ನು ಮಾಂಸದೊಳಕ್ಕೆ ಸೇರಿಸಿರುತ್ತಾರೆ. ಅದರಲ್ಲಿ ಉಪ್ಪಷ್ಟೇ ಅಲ್ಲ, ಸೋಡಿಯಂ ಫಾಸ್ಫೇಟ್, ಪಿಷ್ಟ, ಕಡಲಪಾಚಿಯಿಂದ ತೆಗೆಯುವ ಕ್ಯಾರಜೀನನ್, ಸ್ವಲ್ಪ ಸಕ್ಕರೆ ಕೂಡ ಇರುತ್ತದೆ. ಫಾಸ್ಫೇಟ್ ನೀರನ್ನು ಹಿಡಿದಿಡುತ್ತದೆ. ಎದೆಯ ಮಾಂಸ ತುಂಬ ಹೊತ್ತು ಬಿಸಿ ದೀಪದಡಿ ಕೂತರೂ ಒಣಗದಿರುವುದಕ್ಕೆ, ಕೆಲವರಿಗೆ ಅದು ಸ್ಪಂಜಿನಂತೆ ಅನಿಸುವುದಕ್ಕೆ ಇದೇ ಕಾರಣ.

ಲೇಬಲ್ ಪ್ರಕಾರ 3 ಔನ್ಸಿಗೆ, ಅಂದರೆ 85 ಗ್ರಾಂ ಮಾಂಸಕ್ಕೆ, 460 ಮಿಲಿಗ್ರಾಂ ಸೋಡಿಯಂ. ಒಬ್ಬರು ಒಂದು ಊಟಕ್ಕೆ 200 ಗ್ರಾಂ ತಿಂದರೆ ಸುಮಾರು 1,080 ಮಿಲಿಗ್ರಾಂ ಆಯಿತು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ ಹೇಳುವ ಮಿತಿ 2,000. ಬಿ.ಪಿ. ಇರುವವರು ಮನೆಯಲ್ಲಿದ್ದರೆ ಇದು ವಾರಕ್ಕೊಮ್ಮೆ ತರುವ ಪದಾರ್ಥವಲ್ಲ, ಅಷ್ಟೇ.

ಅಡುಗೆಯವರ ಲೆಕ್ಕದಲ್ಲಿ, ಅಂದರೆ ಸೋಡಿಯಂ ಬದಲು ಉಪ್ಪಿನಲ್ಲಿ ಹೇಳುವುದಾದರೆ, 800 ಗ್ರಾಂ ಮಾಂಸದಲ್ಲಿ ಸುಮಾರು 11 ಗ್ರಾಂ ಉಪ್ಪು ಇದೆ. ಅದು ಟೀ ಚಮಚದಲ್ಲಿ ಹತ್ತಿರ ಹತ್ತಿರ ಎರಡು. ಒಂದು ಕೆಜಿ ಹಸಿ ಕೋಳಿಯ ಸಾರಿಗೆ ಕೈ ಅಂದಾಜಿನಲ್ಲಿ ನಾವು ಹಾಕುವ ಉಪ್ಪೂ ಅಷ್ಟೇ. ವ್ಯತ್ಯಾಸವೆಂದರೆ ಅಲ್ಲಿ ಉಪ್ಪು ಸಾರಿನಿಂದ ಮಾಂಸಕ್ಕೆ ಹೋಗುತ್ತದೆ, ಇಲ್ಲಿ ಮಾಂಸದಿಂದ ಸಾರಿಗೆ ಬರುತ್ತದೆ. ಬರುವುದು ನಿಧಾನ. ಒಲೆಯ ಮೇಲಿದ್ದಾಗ ರುಚಿ ನೋಡಿ ಸರಿಯಾಗಿದೆ ಎಂದುಕೊಂಡ ಸಾರು ಮರುದಿನ ಬೆಳಿಗ್ಗೆ ಉಪ್ಪಾಗಿರುವುದು ಇದರಿಂದಲೇ. ಪಾಲಿಸಬೇಕಾದದ್ದು ಇಷ್ಟು: ಗ್ರೇವಿಗೆ ಅರ್ಧ ಉಪ್ಪು ಹಾಕಿ, ಮಾಂಸ ಸೇರಿಸಿ ಹತ್ತು ನಿಮಿಷ ಮುಚ್ಚಿಟ್ಟ ಮೇಲೆ ರುಚಿ ನೋಡಿ, ಬೇಕಿದ್ದರಷ್ಟೇ ಮತ್ತೆ ಹಾಕಿ.

ಮನೆಗೆ ತಂದ ಮೊದಲ ಗಂಟೆ

ಕೋಳಿಯನ್ನು ಗಾಡಿಗೆ ಕೊನೆಯಲ್ಲಿ ಹಾಕಿಕೊಳ್ಳಿ. ಬೆಂದ ಮಾಂಸ ಫ್ರಿಜ್ಜಿನ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಹವಾ 90 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ದರೆ ಒಂದೇ ಗಂಟೆ. ಟೆಕ್ಸಸ್ಸಿನ ಜುಲೈನಲ್ಲಿ ಕೋಳಿ ಕೊಂಡು, ಕಾರಿನಲ್ಲಿಟ್ಟು, ದಾರಿಯಲ್ಲಿ ಇಂಡಿಯನ್ ಸ್ಟೋರಿಗೂ ಹೋಗಿ ಬರುವವರು ಈ ಲೆಕ್ಕ ನೆನಪಿಡಬೇಕು. 2024ರಲ್ಲಿ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯ ಬದಲು ಮೆತ್ತನೆಯ ಕವರ್ ಬಂದಿದೆ. ಪ್ಲಾಸ್ಟಿಕ್ ಕಡಿಮೆ ಆಯಿತು, ನಿಜ. ಆದರೆ ಈ ಕವರನ್ನು ಅಡ್ಡ ಮಲಗಿಸಿದರೆ ರಸ ಜಿನುಗುವ ಸಂಭವವಿದೆ. ಒಂದು ಅಂಚಿರುವ ತಟ್ಟೆಯನ್ನೋ ರಟ್ಟಿನ ಪೆಟ್ಟಿಗೆಯನ್ನೋ ಕಾರಿನಲ್ಲಿಟ್ಟುಕೊಂಡರೆ ಸೀಟು ಉಳಿಯುತ್ತದೆ.

ಮನೆಗೆ ಬಂದೊಡನೆ ಮಾಡುವ ತಪ್ಪೆಂದರೆ, ಬೇಕಾದ ಎರಡು ತುಂಡು ಕಿತ್ತುಕೊಂಡು ಮಿಕ್ಕ ಇಡೀ ಕೋಳಿಯನ್ನು ಕವರಿನ ಸಮೇತ ಫ್ರಿಜ್ಜಿಗೆ ತಳ್ಳುವುದು. ಕೋಳಿ ಬೆಚ್ಚಗಿದ್ದಾಗ ಮಾಂಸ ಮೂಳೆಯಿಂದ ತಾನಾಗಿ ಬಿಟ್ಟುಕೊಳ್ಳುತ್ತದೆ. ತಣ್ಣಗಾದರೆ ಜಿಡ್ಡು ಹೆಪ್ಪುಗಟ್ಟಿ ಅಂಟಿನಂತೆ ಹಿಡಿದು, ಎಳೆದರೆ ಮಾಂಸ ಚೂರುಚೂರಾಗಿ ಅರ್ಧ ಮೂಳೆಯಲ್ಲೇ ಉಳಿಯುತ್ತದೆ. ಇಡೀ ಕೋಳಿಯ ಒಳಗಿನ ಪೊಳ್ಳು ಭಾಗ ಫ್ರಿಜ್ಜಿನಲ್ಲೂ ಬೇಗ ತಣಿಯುವುದಿಲ್ಲ. ತಂದ ಒಂದು ಗಂಟೆಯೊಳಗೆ, ಕೈ ತಾಳುವಷ್ಟು ಬಿಸಿ ಇರುವಾಗಲೇ, ಹದಿನೈದು ನಿಮಿಷ ಕೂತು ಪೂರ್ತಿ ಬಿಡಿಸಿಬಿಡಿ.

ಮೂರು ಪಾತ್ರೆ ಇಟ್ಟುಕೊಳ್ಳಿ: ಮಾಂಸಕ್ಕೊಂದು, ಚರ್ಮಕ್ಕೊಂದು, ಮೂಳೆಗೊಂದು. ಮೊದಲು ಕಾಲುಗಳನ್ನು ಕಟ್ಟಿರುವ ದಾರ ಅಥವಾ ಎಲಾಸ್ಟಿಕ್ಕನ್ನು ಕತ್ತರಿಸಿ ಎಸೆಯಿರಿ. ಮರೆತರೆ ಅದು ಮೂಳೆಯ ಜೊತೆ ಕುಕ್ಕರಿಗೆ ಹೋಗಿ ಕೂರುತ್ತದೆ. ಕವರಿನಲ್ಲಿ ಉಳಿದ ರಸವನ್ನು ಒಂದು ಲೋಟಕ್ಕೆ ಬಗ್ಗಿಸಿ. ಕಾಲನ್ನು ಹೊರಕ್ಕೆ ಮಡಚಿದರೆ ತೊಡೆಯ ಕೀಲು ಟಕ್ಕನೆ ಬಿಡುತ್ತದೆ, ಚಾಕು ಬೇಡ. ಎದೆಯ ನಡುವಿನ ಮೂಳೆಯ ಎರಡೂ ಪಕ್ಕದಲ್ಲಿ ಹೆಬ್ಬೆರಳು ಇಳಿಸಿ ಜಾರಿಸಿದರೆ ಇಡೀ ಎದೆ ಎರಡು ದೊಡ್ಡ ತುಂಡಾಗಿ ಬರುತ್ತದೆ. ಅದನ್ನು ಈಗಲೇ ಎಳೆ ಎಳೆಯಾಗಿ ಬಿಡಿಸಬೇಡಿ, ದೊಡ್ಡ ತುಂಡು ನಿಧಾನವಾಗಿ ಒಣಗುತ್ತದೆ. ಈಗ ಕೋಳಿಯನ್ನು ಬೋರಲು ಹಾಕಿ. ಬೆನ್ನೆಲುಬಿನ ಎರಡೂ ಬದಿಯಲ್ಲಿ, ತೊಡೆ ಸೇರುವ ಜಾಗದ ಮೇಲೆ, ಗುಳಿಯೊಳಗೆ ಕೂತಿರುವ ನಾಣ್ಯದಷ್ಟಗಲದ ಎರಡು ಮೆತ್ತನೆ ತುಂಡುಗಳಿವೆ. ಇಡೀ ಕೋಳಿಯಲ್ಲಿ ಅತಿ ರುಚಿಯಾದ ಮಾಂಸ ಅದು, ಅತಿ ಹೆಚ್ಚು ಕಸಕ್ಕೆ ಹೋಗುವುದೂ ಅದೇ. ಬಿಡಿಸಿದವರು ಅಲ್ಲೇ ನಿಂತು ತಿಂದುಬಿಡುವುದು ನ್ಯಾಯ.

ತೊಡೆ ಮೂಳೆಯ ಬಳಿ ಮಾಂಸ ಕೆಂಪಗೆ ಅಥವಾ ಗುಲಾಬಿಯಾಗಿ ಕಂಡರೆ ಬೆಂದಿಲ್ಲವೆಂದು ಎಸೆಯುವವರಿದ್ದಾರೆ. ಎಳೆಯ ಕೋಳಿಗಳ ಮೂಳೆ ಮೃದು, ಒಳಗಿನ ಮಜ್ಜೆಯ ಬಣ್ಣ ಬೇಯುವಾಗ ಹೊರಗೆ ಇಳಿಯುತ್ತದೆ. ಬಣ್ಣ ನೋಡಿ ತೀರ್ಮಾನಿಸಬೇಡಿ. 165 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 74 ಸೆಲ್ಸಿಯಸ್ ಮುಟ್ಟಿದ್ದರೆ ಅದು ಬೆಂದ ಮಾಂಸವೇ.

ಇಬ್ಬರೇ ಇರುವ ಮನೆಯಲ್ಲಿ ಎದೆಯ ಅರ್ಧವನ್ನು ಅಂದೇ ಫ್ರೀಜರಿಗೆ ಹಾಕಿ. ನಾಲ್ಕನೆಯ ದಿನ ಬೇಸರವಾದ ಮೇಲೆ ಹಾಕುವುದು ಬೇಡ. 250 ಗ್ರಾಂನಂತೆ ಜಿಪ್ ಕವರಿನಲ್ಲಿ ಹಾಕಿ, ಎರಡು ಚಮಚ ಸ್ಟಾಕ್ (ಮುಂದೆ ಹೇಳುವ, ಮೂಳೆ ಬೇಯಿಸಿ ಸೋಸಿದ ನೀರು) ಸೇರಿಸಿ, ಗಾಳಿ ಒತ್ತಿ ತೆಗೆದು, ತಟ್ಟೆಯಂತೆ ಚಪ್ಪಟೆ ಮಾಡಿ. ನಾಲ್ಕು ತಿಂಗಳು ರುಚಿ ಕೆಡದೆ ಇರುತ್ತದೆ. ಫ್ರಿಜ್ಜಿನಲ್ಲಾದರೆ 40 ಡಿಗ್ರಿ ಫ್ಯಾರನ್‌ಹೀಟಿನ ಒಳಗೆ ಮೂರರಿಂದ ನಾಲ್ಕು ದಿನ, ಅದಕ್ಕಿಂತ ಹೆಚ್ಚಿಲ್ಲ.

ಮೂಳೆ ಅಂದೇ ರಾತ್ರಿ ಕುಕ್ಕರಿಗೆ

ಮಾಂಸದಲ್ಲಿ ಈ ಕೋಳಿ ಸಾಧಾರಣ. ಮೂಳೆಯಲ್ಲಿ ಅಸಾಧಾರಣ. ಮೂಳೆ ಆಗಲೇ ಸುಟ್ಟು ಬಣ್ಣ ಬಂದಿರುತ್ತದೆ, ಹಸಿ ಮೂಳೆಯಲ್ಲಿ ಕಟ್ಟುವ ನೊರೆಯ ತಾಪತ್ರಯ ಇಲ್ಲ, ಹಸಿವಾಸನೆಯೂ ಇಲ್ಲ. ಎಲ್ಲ ಮೂಳೆ, ರೆಕ್ಕೆಯ ತುದಿ, ತಿಂದು ಬಿಟ್ಟ ಕಾಲಿನ ಮೂಳೆಯನ್ನೂ ಕುಕ್ಕರಿಗೆ ಹಾಕಿ. ತಿಂದುಬಿಟ್ಟದ್ದು ಅಂದರೆ ಕೈಯಲ್ಲಿ ಬಿಡಿಸಿದ್ದು. ಬಾಯಲ್ಲಿ ಚೀಪಿದ್ದರ ಬಗ್ಗೆ ನಮ್ಮಲ್ಲಿ ಎಂಜಲಿನ ವಿಚಾರ ಇದ್ದೇ ಇದೆ, ಅದು ಆಯಾ ಮನೆಗೆ ಬಿಟ್ಟದ್ದು. ಬೆನ್ನೆಲುಬನ್ನು ಎರಡು ಮೂರು ಕಡೆ ಮುರಿದು ಹಾಕಿದರೆ ಕಡಿಮೆ ನೀರಿನಲ್ಲಿ ಮುಳುಗುತ್ತದೆ. ಒಂದು ಈರುಳ್ಳಿಯನ್ನು ಸಿಪ್ಪೆ ಸಮೇತ ಎರಡು ಹೋಳು ಮಾಡಿ ಹಾಕಿ, ಸಿಪ್ಪೆಯಿಂದ ಬಣ್ಣ ಬರುತ್ತದೆ. ಒಂದಿಂಚು ಶುಂಠಿ, ಎಂಟು ಕಾಳುಮೆಣಸು, ಎರಡು ಲೀಟರ್‌ಗಿಂತ ಸ್ವಲ್ಪ ಕಡಿಮೆ ತಣ್ಣೀರು. ಉಪ್ಪು ಹಾಕಬೇಡಿ. ಟೊಮೆಟೊ, ಹುಣಸೆ, ಅರಿಶಿನವೂ ಬೇಡ, ಅವನ್ನು ಅಡುಗೆಯಲ್ಲಿ ಹಾಕಿಕೊಳ್ಳಬಹುದು. ವಿನೆಗರ್ ಹಾಕಿದರೆ ಮೂಳೆಯ ಸತ್ವವೆಲ್ಲ ಇಳಿಯುತ್ತದೆ ಎಂಬ ಮಾತಿದೆ. ಒಂದು ಚಮಚ ವಿನೆಗರಿನಿಂದ ರುಚಿ ಹುಳಿಯಾಗುವುದಷ್ಟೇ ನಾಲಿಗೆಗೆ ಗೊತ್ತಾಗುವ ಬದಲಾವಣೆ.

ಇನ್‌ಸ್ಟಂಟ್ ಪಾಟ್ (ಕರೆಂಟಿನ ಪ್ರೆಶರ್ ಕುಕ್ಕರ್) ಆದರೆ ಹೈ ಪ್ರೆಶರಿನಲ್ಲಿ 45 ನಿಮಿಷ. ಒಲೆಯ ಮೇಲಿನ ಕುಕ್ಕರಾದರೆ ಮೊದಲ ವಿಶಲ್ ಬಂದ ಮೇಲೆ ಉರಿ ತೀರ ಸಣ್ಣ ಮಾಡಿ 40 ನಿಮಿಷ. ಪಾತ್ರೆಯ ಮೂರನೇ ಎರಡು ಭಾಗಕ್ಕಿಂತ ಮೇಲೆ ತುಂಬಬೇಡಿ, ಜಿಡ್ಡಿನ ನೀರು ವಿಶಲ್ಲಿನ ದಾರಿಗೆ ನುಗ್ಗುತ್ತದೆ. ಒತ್ತಡ ತಾನಾಗಿ ಇಳಿಯಲು ಬಿಡಿ. ವಿಶಲ್ ಎತ್ತಿ ಆವಿ ಬಿಟ್ಟರೆ ಒಳಗಿನ ನೀರು ಒಮ್ಮೆಲೇ ಕೊತಕೊತ ಕುದಿದು ಜಿಡ್ಡು ನೀರಿನೊಂದಿಗೆ ಕಲೆತುಹೋಗುತ್ತದೆ. ಸ್ಟಾಕ್ ಹಾಲಿನಂತೆ ಮಸುಕಾಗಿ, ಬಾಯಿಗೆ ಜಿಡ್ಡುಜಿಡ್ಡಾಗುವುದು ಹಾಗೆ.

ಸೋಸುವಾಗ ಸಣ್ಣ ಕಣ್ಣಿನ ಜರಡಿ ಕಡ್ಡಾಯ. ಕುಕ್ಕರಿನಲ್ಲಿ ಬೆಂದ ಮೂಳೆ ಬೆರಳಲ್ಲಿ ಪುಡಿಯಾಗುವಷ್ಟು ಮೆತ್ತಗಾಗಿ, ಪಕ್ಕೆಲುಬಿನ ಸೂಜಿಯಂಥ ಚೂರುಗಳು ತಳದಲ್ಲಿ ಉಳಿದಿರುತ್ತವೆ. ಮೂಳೆ ಸಮೇತ ಸಾರು ಬಡಿಸುವ ನಮ್ಮ ಪದ್ಧತಿ ಇಲ್ಲಿ ನಡೆಯುವುದಿಲ್ಲ. ಮನೆಯಲ್ಲಿ ನಾಯಿ ಇದ್ದರೆ ಅದಕ್ಕೂ ಈ ಮೂಳೆ ಹಾಕಬೇಡಿ: ಬೆಂದ ಮೂಳೆ ಸೀಳುತ್ತದೆ, ಜೊತೆಗೆ ಬೆಂದ ಈರುಳ್ಳಿ ನಾಯಿಗೆ ವಿಷ.

ಸುಮಾರು ಆರರಿಂದ ಏಳು ಕಪ್ ಸ್ಟಾಕ್ ಸಿಗುತ್ತದೆ. ಬಿಸಿ ಪಾತ್ರೆಯನ್ನು ಹಾಗೇ ಫ್ರಿಜ್ಜಿಗಿಟ್ಟರೆ ಪಕ್ಕದ ಹಾಲೂ ಬೆಚ್ಚಗಾಗುತ್ತದೆ. ಅಗಲವಾದ ಎರಡು ಪಾತ್ರೆಗೆ ಹಂಚಿ, ಸಿಂಕಿನಲ್ಲಿ ತಣ್ಣೀರು, ಐಸ್ ಹಾಕಿ ಅದರಲ್ಲಿಟ್ಟು ತಣಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಬೆಳಿಗ್ಗೆ ಮೇಲೆ ಹಳದಿ ಜಿಡ್ಡಿನ ತೆಳುಪದರ, ಕೆಳಗೆ ಅಲುಗಾಡುವ ಜೆಲ್ಲಿ. ಜೆಲ್ಲಿ ಆಗಿದ್ದರೆ ಸರಿಯಾಗಿ ಇಳಿದಿದೆ ಎಂದರ್ಥ, ಕೆಟ್ಟಿದೆ ಎಂದಲ್ಲ. ನೀರಾಗೇ ಉಳಿದಿದ್ದರೆ ನೀರು ಹೆಚ್ಚಾಗಿತ್ತು. ಜಿಡ್ಡನ್ನು ಚಮಚದಲ್ಲಿ ಎತ್ತಿ ಬೇರೆ ಡಬ್ಬಿಗೆ ಹಾಕಿ, ಎರಡು ಮೂರು ಚಮಚ ಇರುತ್ತದೆ. ಸಾರಿನ ಒಗ್ಗರಣೆಗೆ, ಮೊಟ್ಟೆ ಬುರ್ಜಿಗೆ ಅದಕ್ಕಿಂತ ಒಳ್ಳೆಯ ಎಣ್ಣೆ ಬೇಡ. ಲೋಟಕ್ಕೆ ಬಗ್ಗಿಸಿಟ್ಟ ಕವರಿನ ರಸವೂ ಹೆಪ್ಪುಗಟ್ಟಿರುತ್ತದೆ. ಅದು ಉಪ್ಪಿನ ಗಣಿ. ಸ್ಟಾಕಿಗೆ ಸುರಿಯಬೇಡಿ, ಐಸ್ ತಟ್ಟೆಯಲ್ಲಿ ಗಡ್ಡೆ ಕಟ್ಟಿಸಿ ಉಪ್ಪಿನ ಬದಲಿಗೆ ಒಂದೊಂದೇ ಬಳಸಿ.

ಸಾರು ಮಾಡುವ ಕ್ರಮ ತಿರುಗಿಸಿ

ಸಾಮಾನ್ಯ ಕೋಳಿ ಸಾರಿನಲ್ಲಿ ಮಸಾಲೆ ಮತ್ತು ಮಾಂಸ ಒಟ್ಟಿಗೆ ಬೇಯುತ್ತವೆ. ಕೋಳಿ ಬೇಯುವ ಅರ್ಧ ಗಂಟೆಯಲ್ಲಿ ಮಸಾಲೆಯ ಹಸಿವಾಸನೆ ಹೋಗುತ್ತದೆ, ಮೂಳೆಯ ರಸ ಸಾರಿಗೆ ಇಳಿಯುತ್ತದೆ. ಇಲ್ಲಿ ಮಾಂಸ ಆಗಲೇ ಬೆಂದಿದೆ, ಇನ್ನರ್ಧ ಗಂಟೆ ಕುದಿಸಿದರೆ ಹಗ್ಗವಾಗುತ್ತದೆ. ಕಡಿಮೆ ಕುದಿಸಿದರೆ ಮಸಾಲೆ ಹಸಿ. ಈ ಕೋಳಿಯಲ್ಲಿ ಮಾಡಿದ ಸಾರು ಕೆಡುವುದು ಬಹುತೇಕ ಈ ಒಂದೇ ಕಾರಣಕ್ಕೆ. ಆದ್ದರಿಂದ ಮಾಂಸವಿಲ್ಲದೆಯೇ ಸಾರು ಪೂರ್ತಿ ಆಗಿಬಿಡಬೇಕು.

ಐದು ಕಪ್ ಸ್ಟಾಕಿಗೆ ಎರಡು ದೊಡ್ಡ ಚಮಚ ಧನಿಯಾ, ಐದು ಬ್ಯಾಡಗಿ, ಎರಡು ಗುಂಟೂರು ಮೆಣಸಿನಕಾಯಿ, ಒಂದು ಟೀ ಚಮಚ ಕಾಳುಮೆಣಸು, ಅರ್ಧ ಚಮಚ ಜೀರಿಗೆ, ಒಂದಿಂಚು ಚಕ್ಕೆ, ನಾಲ್ಕು ಲವಂಗ, ಒಂದು ಚಮಚ ಗಸಗಸೆ ಹುರಿದುಕೊಳ್ಳಿ. ಒಂದು ಈರುಳ್ಳಿ, ಎಂಟು ಎಸಳು ಬೆಳ್ಳುಳ್ಳಿ, ಶುಂಠಿಯನ್ನು ಕೋಳಿಯ ಜಿಡ್ಡಿನಲ್ಲೇ ಬಾಡಿಸಿ, ಅರ್ಧ ಕಪ್ ತೆಂಗಿನತುರಿ, ಹಿಡಿ ಕೊತ್ತಂಬರಿ ಸೇರಿಸಿ ನುಣ್ಣಗೆ ರುಬ್ಬಿ. ಒಂದು ಟೊಮೆಟೊ ಹೆಚ್ಚಿ ಬಾಡಿಸಿ, ರುಬ್ಬಿದ್ದನ್ನು ಹಾಕಿ, ಅಂಚಿನಲ್ಲಿ ಎಣ್ಣೆ ಬಿಡುವವರೆಗೆ ಕೈಯಾಡಿಸಿ. ಆಮೇಲೆ ಸ್ಟಾಕ್ ಸುರಿದು ಸಣ್ಣ ಉರಿಯಲ್ಲಿ 20 ನಿಮಿಷ ಕುದಿಯಲಿ. ಉಪ್ಪು ಅರ್ಧ ಟೀ ಚಮಚ. ಕೊನೆಗೆ ತೊಡೆ ಮತ್ತು ಬೆನ್ನಿನ ಮಾಂಸ 250–300 ಗ್ರಾಂ ಹಾಕಿ, ಐದು ನಿಮಿಷ ಕುದಿಸಿ ಒಲೆ ಆರಿಸಿ, ಹತ್ತು ನಿಮಿಷ ಮುಚ್ಚಿಡಿ. ಎದೆಯ ಮಾಂಸವನ್ನು ಸಾರಿಗೆ ಹಾಕಬೇಡಿ. ತೊಡೆಯಲ್ಲಿ ಅಂಟು, ಜಿಡ್ಡು ಎರಡೂ ಇರುವುದರಿಂದ ಮತ್ತೆ ಕಾಯಿಸಿದರೂ ತಾಳಿಕೊಳ್ಳುತ್ತದೆ, ಎದೆ ತಾಳುವುದಿಲ್ಲ. ಮುದ್ದೆಗೆ ಈ ಸಾರು ಸಲ್ಲುತ್ತದೆ. ನಾಟಿಕೋಳಿ ಸಾರಿನ ಕಡಕ್ಕು ಇದರಲ್ಲಿ ಹುಡುಕಿದರೆ ಸಿಗದು. ಆದರೆ ಅದೇ ಅಂಗಡಿಯ ಹಸಿ ಬಾಯ್ಲರ್ ಕೋಳಿಯ ಸಾರಿಗಿಂತ, ಸುಟ್ಟ ಮೂಳೆಯ ದೆಸೆಯಿಂದ, ಇದರ ರುಚಿಯೇ ಗಾಢ.

ಎದೆಗೆ ತಕ್ಕದ್ದು ಅಂಟಿಕೊಳ್ಳುವ ಮಸಾಲೆ. ಬೆಂದ ಮಾಂಸದೊಳಕ್ಕೆ ಮಸಾಲೆ ಇಳಿಯುವುದಿಲ್ಲ, ಮೊಸರಿನಲ್ಲಿ ಎಷ್ಟು ಹೊತ್ತು ನೆನೆಸಿದರೂ ಅಷ್ಟೇ. ಕುಂದಾಪುರದ ಘೀ ರೋಸ್ಟಿನ ದಾರಿ ಹಿಡಿಯುವುದು ಮೇಲು. ಎಂಟು ಬ್ಯಾಡಗಿ ಬಿಸಿನೀರಿನಲ್ಲಿ ನೆನೆಸಿ, ಹುರಿದ ಧನಿಯಾ, ಜೀರಿಗೆ, ಮೆಣಸು, ಕಾಲು ಚಮಚ ಮೆಂತ್ಯ, ಆರೆಸಳು ಬೆಳ್ಳುಳ್ಳಿ, ಗೋಲಿ ಗಾತ್ರದ ಹುಣಸೆಯ ಜೊತೆ ಗಟ್ಟಿಯಾಗಿ ರುಬ್ಬಿ. ನಾಲ್ಕು ದೊಡ್ಡ ಚಮಚ ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಹುರಿದರೆ ಮಸಾಲೆ ಮುದ್ದೆಗಟ್ಟಿ ತುಪ್ಪ ಬಿಡುತ್ತದೆ. ಆಗ ಕಾಲು ಕಪ್ ಸ್ಟಾಕ್ ಹಾಕಿ, ಹೆಬ್ಬೆರಳು ದಪ್ಪಕ್ಕೆ ಸೀಳಿದ 400 ಗ್ರಾಂ ಎದೆಯನ್ನು ಹಾಕಿ ಮೂರೇ ನಿಮಿಷ ಹೊರಳಾಡಿಸಿ. ಬೆಲ್ಲ ಹಾಕುವ ರೂಢಿ ಇದ್ದವರು ಅರ್ಧಕ್ಕಿಳಿಸಿ, ಕೋಳಿಯಲ್ಲೇ ಸಕ್ಕರೆ ಇದೆ. ನೀರ್ ದೋಸೆ ಇದ್ದರೆ ಸರಿ, ಇಲ್ಲದಿದ್ದರೆ ಚಪಾತಿಗೂ ಆಗುತ್ತದೆ.

ಪಲಾವಿಗೂ ಇದೇ ಸೂತ್ರ, ಹೆಚ್ಚು ವಿವರಿಸುವುದು ಬೇಡ. ಎರಡು ಕಪ್ ನೆನೆಸಿದ ಬಾಸ್ಮತಿಗೆ ಮೂರು ಕಪ್ ಸ್ಟಾಕ್, ಪುದೀನ ಕೊತ್ತಂಬರಿ ಹಸಿಮೆಣಸಿನ ಮಸಾಲೆ, ಅನ್ನ ಆದ ಮೇಲೆ 250 ಗ್ರಾಂ ಮಾಂಸ ಬೆರೆಸಿ ಹತ್ತು ನಿಮಿಷ ಮುಚ್ಚಿಡಿ. ದೊನ್ನೆ ಬಿರಿಯಾನಿ ಇದರಿಂದ ಆಗುವುದಿಲ್ಲ. ಅದಕ್ಕೆ ಹಸಿ ಮಾಂಸ ಮಸಾಲೆಯಲ್ಲೇ ಬೆಂದು ಬಿಡುವ ರಸ ಬೇಕು. ಕಬಾಬ್ ಇನ್ನೂ ಅಧ್ವಾನ, ಹಿಟ್ಟು ಕರಿಯುವಷ್ಟರಲ್ಲಿ ಒಳಗಿನದು ಮರದ ಪುಡಿ.

ಚೂರುಪಾರು, ಚರ್ಮ

ಬೆನ್ನು, ರೆಕ್ಕೆಯಿಂದ ಕೆರೆದ ಚೂರಿಗೆ ಮಿಕ್ಕ ಮಾಂಸವನ್ನೂ ಸೇರಿಸಿದರೆ ಕೈಮಾ ಉಂಡೆ. ಇಲ್ಲೂ ಒಂದು ಎಡವಟ್ಟಿದೆ. ಹಸಿ ಕೈಮಾ ತನ್ನಷ್ಟಕ್ಕೆ ಅಂಟಿಕೊಳ್ಳುತ್ತದೆ, ಬೆಂದದ್ದು ಅಂಟುವುದಿಲ್ಲ. ಸಾರಿಗೆ ಹಾಕಿದೊಡನೆ ಉಂಡೆ ಒಡೆದು ಪುಡಿಯಾಗುತ್ತದೆ. 250 ಗ್ರಾಂ ಚೂರಿಗೆ ಮೂರು ದೊಡ್ಡ ಚಮಚ ಹುರಿಗಡಲೆ ಪುಡಿ, ಒಂದು ಮೊಟ್ಟೆ ಬೇಕೇಬೇಕು. ಮಾಂಸವನ್ನು ಮಿಕ್ಸಿಯಲ್ಲಿ ಮೂರು ನಾಲ್ಕು ಸಲ ತಿರುಗಿಸಿ ನಿಲ್ಲಿಸಿ, ನುಣ್ಣಗಾದರೆ ಉಂಡೆ ರಬ್ಬರಾಗುತ್ತದೆ. ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸು, ಶುಂಠಿ, ಕೊತ್ತಂಬರಿ ಸೇರಿಸಿ, ಉಪ್ಪು ಚಿಟಿಕೆಯಷ್ಟೇ. ಉಂಡೆ ಕಟ್ಟಿ ಕಾಲು ಗಂಟೆ ಫ್ರಿಜ್ಜಿನಲ್ಲಿಟ್ಟು ಪಡ್ಡಿನ ಕಾವಲಿಯಲ್ಲಿ ಸ್ವಲ್ಪ ಎಣ್ಣೆ ಹಾಕಿ ಎಲ್ಲ ಕಡೆ ಕೆಂಪಗೆ ಬೇಯಿಸಿ. ಸಾರಿನಲ್ಲೇ ಬೇಕೆನ್ನುವವರು ಒಲೆ ಆರಿಸಿದ ಮೇಲೆ ಹಾಕಿ.

ಚರ್ಮ ಈ ಕೋಳಿಯ ದುರ್ಬಲ ಭಾಗ. ಅಂಗಡಿಯಲ್ಲಿ ಹೊಳೆಯುತ್ತಿದ್ದದ್ದು ಕವರಿನ ಹಬೆಗೆ ಮನೆ ಸೇರುವಷ್ಟರಲ್ಲಿ ಮೆತ್ತಗಾಗಿರುತ್ತದೆ. ಹೆಚ್ಚಿನವರು ಎಸೆಯುತ್ತಾರೆ. ತಟ್ಟೆಯ ಮೇಲೆ ಮಡಿಕೆ ಇಲ್ಲದೆ ಹರಡಿ 200 ಡಿಗ್ರಿ ಸೆಲ್ಸಿಯಸ್ ಓವನ್ನಿನಲ್ಲಿ 15 ನಿಮಿಷ ಇಟ್ಟರೆ ಗರಿಗರಿಯಾಗುತ್ತದೆ. ಮಡಿಕೆ ಇದ್ದ ಕಡೆ ಮಾತ್ರ ರಬ್ಬರಾಗಿ ಉಳಿಯುತ್ತದೆ. ಮೇಲೆ ಮೆಣಸಿನ ಪುಡಿ ಉದುರಿಸಿ ಹಪ್ಪಳದ ಜಾಗದಲ್ಲಿ ಬಡಿಸಿ. ಮೊಸರನ್ನಕ್ಕೂ ಒಪ್ಪುತ್ತದೆ, ಮೊಸರನ್ನದ ಪಕ್ಕ ಕೋಳಿ ಇಡುವುದನ್ನು ಒಪ್ಪುವ ಮನೆಯಾಗಿದ್ದರೆ.

ಮತ್ತೆ ಬಿಸಿ ಮಾಡುವಾಗ ಬರುವ ಹಳಸಲಿನಂಥ ವಾಸನೆಯ ಬಗ್ಗೆ ದೂರುವವರು ಬಹಳ. ಅದು ಕೆಟ್ಟ ವಾಸನೆಯಲ್ಲ, ಬೆಂದ ಮಾಂಸದ ಕೊಬ್ಬು ಗಾಳಿಗೆ ತಾಗಿ ಬರುವುದು. ಸ್ಟಾಕಿನಲ್ಲಿ ಮುಳುಗಿಸಿಟ್ಟರೆ ಬಹುಮಟ್ಟಿಗೆ ಬರುವುದಿಲ್ಲ. ಮೈಕ್ರೋವೇವಿನಲ್ಲಿ ಒಣ ತುಂಡನ್ನು ಹಾಗೇ ಇಡಬೇಡಿ. ಒಂದು ಚಮಚ ಸ್ಟಾಕ್ ಹಾಕಿ ಮುಚ್ಚಿ, ನಡುವೆ ಒಮ್ಮೆ ತಿರುವಿ, ಒಳಗೆ 165 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುವಂತೆ ಕಾಯಿಸಿ. ಒಮ್ಮೆ ಕಾಯಿಸಿದ್ದನ್ನು ಮತ್ತೆ ಫ್ರಿಜ್ಜಿಗೆ ಹಾಕಿ ಮತ್ತೆ ಕಾಯಿಸುವ ಆಟ ಬೇಡ, ಬೇಕಾದಷ್ಟೇ ತೆಗೆಯಿರಿ.

ಯಾರು ಕೊಳ್ಳಬೇಕು, ಯಾರು ಬೇಡ

ಮಾರಾಟವಾಗದೆ ಹೊತ್ತು ಮೀರಿದ ಕೋಳಿಯನ್ನು ಅಂಗಡಿಯವರೇ ಬಿಡಿಸಿ ಸೂಪು, ಸಲಾಡು, ಪಾಟ್ ಪೈಗೆ ಬಳಸುತ್ತಾರೆ. ಬಿಡಿಸಿದ ಎದೆಯ ಮಾಂಸವನ್ನು 42 ಔನ್ಸಿನ ಪ್ಯಾಕಾಗಿ ಬೇರೆ ಮಾರುತ್ತಾರೆ. ಆ ಪ್ಯಾಕ್ ಕೊಳ್ಳುವುದು ಲೆಕ್ಕಕ್ಕೆ ಬಾರದು. ತೂಕಕ್ಕೆ ದುಬಾರಿ, ಮೂಳೆ ಇಲ್ಲ, ತೊಡೆ ಇಲ್ಲ, ಈ ಕೋಳಿಯಲ್ಲಿ ಒಳ್ಳೆಯದಿರುವುದೆಲ್ಲ ಅದರಲ್ಲಿಲ್ಲ. ಬಿಡಿಸಲು ಕಾಲು ಗಂಟೆಯೂ ಇಲ್ಲದ ದಿನ ಇಡೀ ಕೋಳಿಯನ್ನೂ ತರಬೇಡಿ. ಹಲಾಲ್ ಬೇಕಾದವರು ಹಲಾಲ್ ಅಂಗಡಿಯ ಕೋಳಿಯನ್ನೇ ನೋಡುವುದು ಸರಿ. ನಾಲ್ಕು ಜನರ ಮನೆ, ಕುಕ್ಕರ್, ಫ್ರೀಜರಿನಲ್ಲಿ ಒಂದು ಗೇಣು ಜಾಗ, ಇಷ್ಟಿದ್ದರೆ ಕಣ್ಣುಮುಚ್ಚಿ ಕೊಳ್ಳಬಹುದು. ರುಚಿಗೆ ಐದಕ್ಕೆ ಮೂರು, ಮೂಳೆಗೆ ಐದಕ್ಕೆ ಐದು.

ಊರಿನಲ್ಲಿರುವವರಿಗೆ: ಬೆಂಗಳೂರಿನ ಬೀದಿಗಳಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ತಿರುಗುವ ಗ್ರಿಲ್ ಚಿಕನ್ನಿಗೂ ಬಿಡಿಸುವ, ತಣಿಸುವ ಕ್ರಮ ಇದೇ. ಕೋಳಿ ಚಿಕ್ಕದು, ಆದ್ದರಿಂದ ನೀರು ಒಂದೂಕಾಲು ಲೀಟರ್ ಸಾಕು. ಇದ್ದಿಲಲ್ಲಿ ಸುಟ್ಟ ಅಲ್‌ಫಹಾಮ್ ಆದರೆ ಕರಿಕಾದ ಭಾಗವನ್ನೆಲ್ಲ ಕೆರೆದು, ಮೂಳೆಯನ್ನು ಬಿಸಿನೀರಿನಲ್ಲಿ ತೊಳೆದು ಕುಕ್ಕರಿಗೆ ಹಾಕಿ, ಇಲ್ಲದಿದ್ದರೆ ಸ್ಟಾಕ್ ಕಹಿ. ಅದರ ಜೊತೆ ಕೊಡುವ ಕುಬೂಸ್ ರೊಟ್ಟಿ ಉಳಿದರೆ ಫ್ರೀಜ್ ಮಾಡಬಹುದು. ಜೊತೆಗೆ ಬಂದ ಮಯೋನೀಸ್ ಮಾತ್ರ ಒಂದು ಚಮಚ ಉಳಿದರೂ ಎತ್ತಿಡಬೇಡಿ. ಹಸಿ ಮೊಟ್ಟೆಯ ಮಯೋನೀಸನ್ನು ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ಒಂದು ವರ್ಷದ ಮಟ್ಟಿಗೆ ನಿಷೇಧಿಸಿದ್ದವು. ಕೋಳಿಯನ್ನು ನಾಲ್ಕು ದಿನ ಇಡಬಹುದು, ಮಯೋನೀಸನ್ನು ಅದೇ ಊಟಕ್ಕೆ ಮುಗಿಸಬೇಕು, ಇಲ್ಲವೇ ಚೆಲ್ಲಬೇಕು.